ಅತ್ತೆಯ ಮುದ್ದೆ ಕೋಲು

ಏಣಿಯ ಮೇಲೆ ನಿಂತು ಫ್ಯಾನ್ ಬಿಚ್ಚುತ್ತಿದ್ದ ನನ್ನ ಮೊಣಕೈಗೆ ನಮ್ಮತ್ತೆ ಮುದ್ದೆ ತಿರುವುವ ಕೋಲಿನಿಂದ ಫಟಾರನೆ ಬಾರಿಸಿದರು. ನಾನು ನಾಗಮಂಗಲದಲ್ಲಿ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿ ತಿಂಗಳಾಗಿತ್ತು. ಮೇನ್ ಸ್ವಿಚ್ ಆಫ್ ಮಾಡಿಯೇ ಏಣಿ ಹತ್ತಿದ್ದೆ. ತುಕ್ಕು ಹಿಡಿದ ಸ್ಕ್ರೂ ಬಲ ಹಾಕಿ ತಿರುಗಿಸುವಾಗ ಮೈ ಅದುರಿತ್ತು, ಅಷ್ಟೇ.

“ಕರೆಂಟ್ ಒಡ್ದೋರ್ನ ಮುಟ್ಬ್ಯಾಡಿ, ಒಣಮರದ ಕೋಲಲ್ಲಿ ತಳ್ಳಿ ಅಂತ ಕ್ಲಾಸಿಂದ ಬಂದು ನೀನೇ ಯೋಳಿದ್ದಲ್ಲಮ್ಮಿ,” ಎಂದರು ಅತ್ತೆ.

“ತಳ್ಳಿ ಅಂದಿದ್ದೆ ಅತ್ತೆ, ಬಡೀರಿ ಅಂದಿರ್ಲಿಲ್ಲ.”

“ತಳ್ಳೋಕೆ ಟೈಮೆಲ್ಲಿತ್ತು?”

ಹೊಡೆದವರೂ ಅವರೇ, ಅಳುತ್ತಿದ್ದವರೂ ಅವರೇ.

ಮೊಣಕೈ ಊತ ವಾರದಲ್ಲಿ ಇಳಿಯಿತು. ಈಗಲೂ ನಾನು ಏಣಿ ಹತ್ತಿದರೆ ಅತ್ತೆ ಕೋಲು ಹಿಡಿದು ಕೆಳಗೆ ನಿಲ್ಲುತ್ತಾರೆ. ಸೀನು ಬಂದರೂ ನಾನು ಏಣಿಯಿಂದ ಇಳಿದೇ ಸೀನುತ್ತೇನೆ.