ಒಟಿಪಿ ಅವನ ಜೇಬಿಗೆ ಹೋಯಿತು

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಯಾರ ಮೊಬೈಲ್ ನಂಬರಿದೆಯೋ, ನಿಮ್ಮ ವಿಷಯಕ್ಕೆಲ್ಲ ಅವರೇ ಯಜಮಾನರು. ಕಾಯಿಲೆ ನಿಮ್ಮದು, ಸೂಜಿ ಚುಚ್ಚಿಸಿಕೊಳ್ಳುವ ತೋಳೂ ನಿಮ್ಮದು. ಸುದ್ದಿ ಮಾತ್ರ ಅವರದು. ಇದೇನೂ ಗುಟ್ಟಲ್ಲ. ನಿಮಗೆ ಗೊತ್ತಿರಬೇಕಿತ್ತು. ಜಿಪ್ಪಕ್ಕನಿಗೂ ಗೊತ್ತಿರಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಆಮೇಲೆ ಹೇಳುವವರಿಗೇನು ಬರ?

ಜಿಪ್ಪಕ್ಕ ಎಂಬುದು ಮಾರುಕಟ್ಟೆ ಕಟ್ಟಡದವರು ಅವಳಿಗಿಟ್ಟ ಹೆಸರು. ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ಬಡಿಯುವಂಥ ಜಾಗದಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಬ್ಯಾಗು, ಜಾಕೆಟ್ಟು, ಪ್ಯಾಂಟುಗಳ ಕೆಟ್ಟ ಜಿಪ್ಪು ಸರಿಮಾಡುವುದು ಅವಳ ಕೆಲಸ. ಹಲ್ಲುಗಳಿಗೆ ಮೇಣ ಸವರಿ, ಇಕ್ಕಳದಿಂದ ಒಂದು ಸಲ ಅಮುಕಿ, ಸರ್ರೆಂದು ಎಳೆದು ತೋರಿಸುವಳು. “ನೋಡಿ ಸಾರ್, ಬಾಯಿ ಮುಚ್ತು. ಮನೇಲಿ ಇಷ್ಟು ಸಲೀಸಾಗಿ ಯಾರಾದ್ರೂ ಮುಚ್ತಾರಾ?” ಗಿರಾಕಿ ನಗುತ್ತಾ ಹೋಗುತ್ತಿದ್ದ.

ಅವಳ ಬಲಗೈ ಕಿರುಬೆರಳು ಸೊಟ್ಟ. ಕೇಳಿದವರಿಗೆ ಮಿಷನ್ನಿಗೆ ಸಿಕ್ಕಿತ್ತು ಎನ್ನುವಳು. ಸಿಕ್ಕಿದ್ದು ಬಾಗಿಲ ಸಂದಿಗೆ. ಬಾಗಿಲು ಜಡಿದದ್ದು ಗಂಡ, ಬೇಕೆಂದೇ. ಸಾಮಾನು ಸಾಗಿಸುವ ವ್ಯಾನು ಓಡಿಸುವವನು ಅವನು. ಒಮ್ಮೆ ಪೊಲೀಸ್ ಠಾಣೆಗೂ ಹೋಗಿದ್ದಳು. ಅವರು ಅವನನ್ನು ಕರೆಸಿ, ಇಬ್ಬರಿಗೂ ಬುದ್ಧಿ ಹೇಳಿ, ಇವಳನ್ನು ಅವನದೇ ವ್ಯಾನಿಗೆ ಹತ್ತಿಸಿ ಕಳಿಸಿದ್ದರು. ಅದಾದ ಮೇಲೆ ಯಾರನ್ನೂ ಕೇಳದೆ ಮಗಳನ್ನು ಕಟ್ಟಿಕೊಂಡು ಊರಿನ ಇನ್ನೊಂದು ತುದಿಗೆ ಬಂದಳು. ಟೈರ್ ಅಂಗಡಿಯ ಮೇಲೊಂದು ಕೋಣೆ. ವಿಳಾಸವನ್ನು ಹೆತ್ತ ತಾಯಿಗೂ ಹೇಳಲಿಲ್ಲ. ತಾಯಿಯ ಬಾಯಿ ಬಿಡಿಸುವುದು ಅಳಿಯನಿಗೆ ಚೆನ್ನಾಗಿ ಗೊತ್ತಿತ್ತು. ಗಂಡನ ಮನೆಯಲ್ಲಿ ಎಲ್ಲವನ್ನೂ ಬಿಟ್ಟು ಬಂದಿದ್ದಳು, ಫೋನನ್ನೂ. ಹೊಸ ನಂಬರು, ಹೊಸ ಬೀದಿ.

ಬಿಡಲಾಗದ್ದು ಒಂದೇ: ಆಸ್ಪತ್ರೆ. ಮಗಳಿಗೆ ಫಿಟ್ಸ್. ಯಾವ ಮಾತ್ರೆ ಒಗ್ಗುತ್ತದೆ, ಯಾವುದು ಕೊಟ್ಟರೆ ಕೂಸು ದಿನವಿಡೀ ತೂಕಡಿಸುತ್ತದೆ ಎಂದು ವರ್ಷಗಟ್ಟಲೆ ನೋಡಿ ಹಿಡಿತಕ್ಕೆ ತಂದದ್ದು ಅಲ್ಲಿನ ಡಾಕ್ಟರು. ಹಳೆಯ ಚೀಟಿ ತೋರಿಸಿಯೇ ಇಷ್ಟು ದಿನ ಮಾತ್ರೆ ತರುತ್ತಿದ್ದಳು. ಕೊನೆಗೆ ಔಷಧಿ ಅಂಗಡಿಯವನು, “ಇದು ಸವೆದು ಬಟ್ಟೆ ಆಗೋಗಿದೆ ತಾಯಿ, ಹೊಸದು ಬರೆಸ್ಕೊಂಡು ಬನ್ನಿ,” ಎಂದು ಕೈಯಲ್ಲಾಡಿಸಿಬಿಟ್ಟ. ಡಬ್ಬಿಯ ತಳ ಕಾಣುತ್ತಿತ್ತು. ಹೋಗದೆ ವಿಧಿಯಿರಲಿಲ್ಲ.

ಆಸ್ಪತ್ರೆಯ ಗೋಡೆಯ ಮೇಲೆ ಹೊಸದೊಂದು ಫಲಕ ಬಂದಿತ್ತು. ದೊಡ್ಡ ಬೀಗದ ಚಿತ್ರ. ಕೆಳಗೆ, ‘ನಿಮ್ಮ ಮಾಹಿತಿ ನಮ್ಮಲ್ಲಿ ಭದ್ರ’. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಕೆಟ್ಟವಳೇನಲ್ಲ. ಮಗಳನ್ನು ಕಂಡು ನಕ್ಕಳು, ಮುಂಗುರುಳು ಸರಿಸಿಕೊಂಡು ಪರದೆ ನೋಡಿದಳು.

“ಅಡ್ರೆಸ್ ಇದೇನಾ ಅಕ್ಕಾ, ವಾಟರ್ ಟ್ಯಾಂಕ್ ಪಕ್ಕ?”

“ಅದೇ ಅಂತ ಇಟ್ಕೊಳ್ಳಮ್ಮ.”

“ಇಟ್ಕೊಳ್ಳೋಕೆ ಅದೇನು ಒಡವೆನಾ? ಈಗ ಎಲ್ಲಿದ್ದೀರೋ ಅದನ್ನ ಹೇಳ್ಬೇಕು. ಈ ಮಾತ್ರೆಗೆಲ್ಲ ಹೊಸ ರೂಲ್ಸು. ಸರಿಯಾದ ಅಡ್ರೆಸ್ ಇಲ್ದೆ ಚೀಟಿ ಪ್ರಿಂಟೇ ಆಗಲ್ಲ.”

ಜಿಪ್ಪಕ್ಕ ಮಗಳ ಕಡೆ ನೋಡಿದಳು. “ಹೇಳಿದ್ರೆ ಯಾರಿಗೆಲ್ಲ ಕಾಣ್ಸುತ್ತೆ?”

ಹುಡುಗಿ ಪೆನ್ನಿನ ತುದಿಯಿಂದ ಗೋಡೆಯ ಬೀಗ ತೋರಿಸಿದಳು. “ಇಲ್ಲಿಂದ ಒಂದು ನೊಣಾನೂ ಆಚೆ ಹೋಗಲ್ಲ. ಧೈರ್ಯವಾಗಿ ಹೇಳಿ.”

ಗಾಜಿನ ತೂತಿಗೆ ಬಾಯಿಟ್ಟು ಜಿಪ್ಪಕ್ಕ ಪಿಸುಗುಟ್ಟಿದಳು. ಬೀದಿ, ಟೈರ್ ಅಂಗಡಿ, ಮೇಲಿನ ಕೋಣೆ. ಜೊತೆಗೆ ಹೊಸ ಫೋನ್ ನಂಬರು. ಹಳೆಯದನ್ನು ತೆಗೆದುಹಾಕಿಬಿಡಮ್ಮಾ ಎಂದು ಎರಡೆರಡು ಸಲ ಹೇಳಿದಳು. ಹುಡುಗಿ ಟಕಟಕನೆ ಒತ್ತಿದಳು. ಕೊನೆಯದಾಗಿ ಇನ್ನೊಂದು ಕೀಲಿ ಒತ್ತಿ, ಕೈ ಚಾಚಿದಳು.

“ಒಟಿಪಿ ಬಂತಾ? ಹೇಳಿ.”

“ನನ್ನ ಫೋನಿಗೆ ಏನೂ ಬಂದಿಲ್ಲ.”

“ಇದಕ್ಕಲ್ಲ ಅಕ್ಕಾ. ಹಳೇ ನಂಬರಿಗೆ ಹೋಗಿರುತ್ತೆ. ಅವರು ಒಪ್ಪಿದ್ರೆ ತಾನೇ ಬದಲಾಯಿಸೋದು?”

“ಅಯ್ಯೋ, ಅದು ಅವನ ಹತ್ರ ಇದೆಯಲ್ಲೇ!”

“ಯಾರ ಹತ್ರ?”

“ಇವಳಪ್ಪನ ಹತ್ರ.”

“ಅಷ್ಟೇನಾ! ಹೆದರಿಸಿಬಿಟ್ರಿ. ಮನೆಯವರೇ ತಾನೇ? ಫೋನ್ ಮಾಡಿ ಕೇಳಿ.”

ನಗಬೇಕೋ ಅಳಬೇಕೋ ತಿಳಿಯದೆ ಜಿಪ್ಪಕ್ಕ ಸೊಟ್ಟ ಬೆರಳನ್ನು ಗಾಜಿಗೆ ಒತ್ತಿ ಹಿಡಿದಳು. ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಪರದೆಯನ್ನು ಇವಳ ಕಡೆ ತಿರುಗಿಸಿದಳು. ಹೋದ ಸಂದೇಶ ಅಲ್ಲಿತ್ತು: ‘ನಿಮ್ಮ ಮಗಳ ದಾಖಲೆಯಲ್ಲಿ ವಿಳಾಸವನ್ನು ಈ ಕೆಳಗಿನಂತೆ ಬದಲಿಸಲು ಕೋರಲಾಗಿದೆ’. ಕೆಳಗೆ ಬೀದಿ, ಟೈರ್ ಅಂಗಡಿ, ಮೇಲಿನ ಕೋಣೆ, ಒಂದಕ್ಷರವೂ ತಪ್ಪಿಲ್ಲದೆ. ‘ನಿಮ್ಮ ಒಪ್ಪಿಗೆಯಿದ್ದರೆ ಕೋಡ್ ತಿಳಿಸಿ. ನಿಮ್ಮ ಸುರಕ್ಷತೆಯೇ ನಮ್ಮ ಕಾಳಜಿ.’

ಓಡಿಬಂದವಳು ಎಲ್ಲಿದ್ದಾಳೆಂದು ಬರೆದುಕೊಳ್ಳಲು, ಯಾರಿಂದ ಓಡಿಬಂದಳೋ ಅವನ ಅಪ್ಪಣೆ! ಈ ಏರ್ಪಾಡನ್ನು ದೊಡ್ಡ ದೊಡ್ಡ ಓದು ಓದಿದವರು, ತಂಪು ಕೋಣೆಯಲ್ಲಿ ಕೂತು, ಯೋಚಿಸಿ ಮಾಡಿದ್ದಾರೆ. ಒಬ್ಬನಿಗೂ ಮನೆಯೊಳಗೇ ಕಳ್ಳನಿರಬಹುದೆಂದು ಹೊಳೆಯಲಿಲ್ಲ.

ಮ್ಯಾನೇಜರು ಬಂದರು. ಮೆತ್ತನೆಯ ಮನುಷ್ಯ.

“ನೋಡಿಮ್ಮಾ, ಇದು ನಿಮ್ಮ ಒಳ್ಳೇದಕ್ಕೇ. ಕೇಳದೆ ಬದಲಾಯಿಸಿದ್ರೆ ನಾಳೆ ಯಾರು ಬೇಕಾದ್ರೂ ಬಂದು ನಿಮ್ಮ ಮಾಹಿತಿ ಕದೀಬಹುದು.”

“ಕದಿಯೋದೇನು ಸಾರ್, ನೀವೇ ಕೊಟ್ರಲ್ಲ. ವಾಪಸ್ ತಗೊಳ್ಳಿ.”

“ಹೋದ ಮೆಸೇಜು ವಾಪಸ್ ಬರಲ್ಲಮ್ಮಾ. ಒಂದು ದೂರು ಕೊಟ್ಟು ಹೋಗಿ. ಖಂಡಿತ ಉತ್ತರ ಬರುತ್ತೆ.”

“ಎಲ್ಲಿಗೆ ಬರುತ್ತೆ ಸಾರ್?”

ಮ್ಯಾನೇಜರು ಬಗ್ಗಿ ಪರದೆ ನೋಡಿದರು. ಪಕ್ಕದಲ್ಲಿ ಹುಡುಗಿ ತಲೆ ತಗ್ಗಿಸಿದಳು. ಉತ್ತರವೂ ಹಳೇ ನಂಬರಿಗೇ. ಆದರೂ ಮ್ಯಾನೇಜರು ಅವಳ ಹೆಸರಿನಲ್ಲೊಂದು ದೂರು ಬರೆದುಕೊಂಡರು.

ಚೀಟಿ ಪ್ರಿಂಟ್ ಆಗಲಿಲ್ಲ. ಹುಡುಗಿಯೇ ಒಳಗೆ ಓಡಿ, ಡಾಕ್ಟರಿಗೆ ಕೈಮುಗಿದು, ಸದ್ಯಕ್ಕಾಗುವಷ್ಟು ಮಾತ್ರೆ ತಂದು ಜಿಪ್ಪಕ್ಕನ ಕೈಗಿಟ್ಟಳು. “ಅಕ್ಕಾ, ನಂಗೆ ಗೊತ್ತಿರಲಿಲ್ಲ,” ಎಂದಳು. ಜಿಪ್ಪಕ್ಕ ಅವಳ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗುವಷ್ಟು ಪುರುಸೊತ್ತಿರಲಿಲ್ಲ.

ಎರಡು ಬಸ್ಸು ಬದಲಿಸಿ ಕೋಣೆ ಸೇರಿದಳು. ಹಳೆಯ ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದು ಮಗಳ ಬಟ್ಟೆ, ಇಕ್ಕಳ ತುರುಕಿದಳು. ಜಿಪ್ಪು ಅರ್ಧಕ್ಕೇ ನಿಂತಿತು. ಊರವರದ್ದೆಲ್ಲ ಸರಿಮಾಡಿ ತನ್ನದನ್ನು ಹಾಗೇ ಬಿಟ್ಟಿದ್ದಳು. ಮೇಣ ಸವರಿದಳು, ಬಗ್ಗಲಿಲ್ಲ.

“ಬೇಡ ಬಿಡಮ್ಮಾ, ಹಗ್ಗ ಕಟ್ಟೋಣ,” ಎಂದಳು ಮಗಳು.

ಆಗ ಕೆಳಗಿನಿಂದ ಮನೆಯೊಡತಿ ಅಜ್ಜಿಯ ದನಿ ಬಂತು, ಸಂಭ್ರಮದಿಂದ: “ಜಿಪ್ಪೂ! ಆಸ್ಪತ್ರೆ ಕಡೆಯಿಂದ ಯಾರೋ ಬಂದಿದ್ದಾರೆ ಕಣೇ. ಮೇಲೆ ಕಳಿಸ್ದೆ!”

ಅಜ್ಜಿಯದೇನೂ ತಪ್ಪಿಲ್ಲ. ಬಂದವನು ಫೋನು ತೋರಿಸಿದ್ದ. ಅದರಲ್ಲಿ ಆಸ್ಪತ್ರೆಯ ಹೆಸರಿತ್ತು, ಬೀಗದ ಚಿತ್ರವಿತ್ತು, ಅಜ್ಜಿಯ ಮನೆಯ ವಿಳಾಸವೇ ಇತ್ತು. ಇನ್ನೇನು ಸಾಕ್ಷಿ ಬೇಕು?

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಆತುರವಿಲ್ಲದ ಹೆಜ್ಜೆ. ಅವನು ಬಾಗಿಲಿಗೆ ಒರಗಿ ನಿಂತ. ಕೂಗಾಡಲಿಲ್ಲ. ಮಗಳನ್ನು ನೋಡಿ ನಕ್ಕ, ಆಮೇಲೆ ಹೆಂಡತಿಯನ್ನು.

“ಏನೋ ಒಟಿಪಿ ಬೇಕಂತಲ್ಲ? ಕೊಟ್ಟು ಹೋಗೋಣ ಅಂತ ಬಂದೆ.”

ಮಗಳ ಕೈ ಹಿಡಿದು ಅವನು ಮೆಟ್ಟಿಲಿಳಿದ. ಮಾತ್ರೆಯ ಚೀಲ ಜಿಪ್ಪಕ್ಕನ ಕೈಯಲ್ಲಿತ್ತು. ಮಗಳು ಹೋದ ಕಡೆ ಅದು ಹೋಗಲೇಬೇಕಲ್ಲ. ಬಾಯಿ ಮುಚ್ಚದ ಸೂಟ್‌ಕೇಸನ್ನು ಎದೆಗವಚಿಕೊಂಡು ಅವಳೂ ಇಳಿದಳು. ವ್ಯಾನಿನ ಬಾಗಿಲು ಹಾಕಿಕೊಂಡಿತು. ಅಜ್ಜಿ ಕೈ ಬೀಸಿದಳು.

ಮಾರುಕಟ್ಟೆ ಕಟ್ಟಡದ ಮೆಟ್ಟಿಲ ಕೆಳಗೆ ಮಿಷನ್ನಿಗೆ ಹೊದಿಸಿದ ಬಟ್ಟೆಯ ಮೇಲೆ ಈಗ ಧೂಳು ಕೂತಿದೆ. ಯಾರದೋ ಜಾಕೆಟ್ಟು ಮೊಳೆಗೆ ನೇತಾಡುತ್ತಿದೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲವೂ ನೆಟ್ಟಗಿದೆ. ಬದಲಾವಣೆಗೆ ಒಪ್ಪಿಗೆ ಸಿಗಲಿಲ್ಲವಾದ್ದರಿಂದ ವಾಟರ್ ಟ್ಯಾಂಕ್ ಪಕ್ಕದ ಗಂಡನ ಮನೆಯ ವಿಳಾಸವೇ ಉಳಿದಿದೆ, ಈಗ ಅದೇ ನಿಜವೂ ಹೌದು. ಅವಳ ದೂರು ‘ಇತ್ಯರ್ಥವಾಗಿದೆ’. ಹಾಗೆಂದು ಸಂದೇಶವೂ ಹೋಗಿದೆ, ಅವನ ಜೇಬಿಗೆ. ಕದ್ದವರಿಲ್ಲ, ಸೋರಿದ್ದಿಲ್ಲ. ಗೋಡೆಯ ಬೀಗ ಹಾಗೇ ಇದೆ.

ಇದನ್ನು ಓದುತ್ತಿರುವ ನೀವು ಯಾವುದೋ ಕೌಂಟರಿನ ಒಳಗೆ ಕೂರುವವರಿರಬಹುದು, ಇಲ್ಲವೇ ಅಂಥವರಿಗೆ ನಿಯಮ ಬರೆದುಕೊಡುವವರಿರಬಹುದು. ನಾಳೆ ನಿಮ್ಮ ಗಾಜಿನಾಚೆಗೂ ಒಬ್ಬಳು ಬರುತ್ತಾಳೆ, ಪಿಸುಗುಟ್ಟುತ್ತಾಳೆ. ಆ ಕೊನೆಯ ಕೀಲಿಯಿಂದ ಬೆರಳು ತೆಗೆಯಿರಿ. ಮೊದಲು ಅವಳನ್ನು ಕೇಳಿ: “ಅಮ್ಮಾ, ಈ ಹಳೇ ನಂಬರು ಈಗ ಯಾರ ಕೈಯಲ್ಲಿದೆ?” ಅವಳು ಉತ್ತರ ಕೊಡುವವರೆಗೆ ಒತ್ತಬೇಡಿ.