ಸೂಜಿ ಚುಚ್ಚಿದ್ರೆ ಹರಡತ್ತಾ?

ನಮ್ಮ ಮನೆ ಓನರ್ ಆಂಟಿ ನನ್ನನ್ನು ಬೀದಿಯವರಿಗೆ ಪರಿಚಯ ಮಾಡಿಕೊಡುತ್ತಿದ್ದದ್ದು ಹೀಗೆ: "ನಮ್ಮ ಮೇಲ್ಗಡೆ ಮನೇಲಿರೋ ಹುಡುಗಿ. ಲ್ಯಾಬಲ್ಲಿ ಕ್ಯಾನ್ಸರ್ ಸಾಕ್ತಾಳೆ."

ನನಗೆ ನಲವತ್ತು ಹತ್ತಿರವಾಗಿದ್ದರೂ ಅವರಿಗೆ ನಾನು ಹುಡುಗಿಯೇ. ಒಂದು ಭಾನುವಾರ ಸ್ಕೂಟರ್ ಹೊರಗೆ ತೆಗೆಯುತ್ತಿದ್ದಾಗ "ಇವತ್ತೂ ಏನಮ್ಮಾ ಕೆಲ್ಸ?" ಎಂದು ಕೇಳಿದ್ದರು. "ಸೆಲ್‌ಗಳಿಗೆ ಊಟ ಹಾಕಿ ಬರ್ತೀನಿ ಆಂಟಿ, ಇಲ್ಲಾಂದ್ರೆ ಸತ್ತೋಗ್ತವೆ" ಎಂದಿದ್ದೆ. ಎಂಥ ಸೆಲ್ ಎಂದರು. ಇದ್ದದ್ದನ್ನು ಹೇಳಿದೆ. ಅಲ್ಲಿಂದ ಆ ಪರಿಚಯ ಖಾಯಂ ಆಯಿತು.

ನಾನು ಹುಟ್ಟಿ ಬೆಳೆದದ್ದು ಹನುಮಂತನಗರದಲ್ಲಿ. ಲ್ಯಾಬಿಗೆ ಹತ್ತಿರವಾಗಲಿ ಎಂದು ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆಗೆ ಬಂದೆ. ಆಂಟಿಯವರದು ಇಲ್ಲಿನ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಾವಿರುವ ಮೂರಂತಸ್ತಿನ ಮನೆ ನಿಂತಿದೆ. ಕೆಳಗಿನ ಅಂಗಡಿಯಲ್ಲಿ ಅಂಕಲ್ ಪೈಪು, ಪೇಂಟು ಮಾರುತ್ತಾರೆ. ಗಂಡ ಹೆಂಡತಿ ಮನೆಯೊಳಗೆ ತೆಲುಗು, ನನ್ನ ಜೊತೆ ಕನ್ನಡ, ತರಕಾರಿಯವನ ಜೊತೆ ಅವನ ಭಾಷೆ ಯಾವುದೋ ಅದು.

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮೈಯಲ್ಲಿ ಹೆಚ್ಚಿನ ಜೀವಕೋಶಗಳು ಅಕ್ಕಪಕ್ಕದವುಗಳಿಗೆ ಅಂಟಿಕೊಂಡು ಬದುಕುತ್ತವೆ. ಆ ಅಂಟಿನ ಮೂಲಕವೇ ಅವಕ್ಕೆ "ಸರಿಯಾದ ಜಾಗದಲ್ಲಿದ್ದೀಯ, ಬದುಕಿರು" ಎಂಬ ಸೂಚನೆ ಸದಾ ಸಿಗುತ್ತಿರುತ್ತದೆ. ಅಂಟು ಬಿಟ್ಟು ಒಂಟಿಯಾದರೆ ಸೂಚನೆ ನಿಲ್ಲುತ್ತದೆ, ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಗೆಡ್ಡೆಯಿಂದ ಕಳಚಿಕೊಂಡ ಕ್ಯಾನ್ಸರ್ ಕೋಶಗಳೂ ಬಹುಪಾಲು ಸಾಯುತ್ತವೆ. ಆದರೆ ಕೆಲವು ಮಾತ್ರ ಹೊರಗಿನಿಂದ ಸೂಚನೆ ಬಾರದಿದ್ದರೂ ಒಳಗೇ ಅದನ್ನು ಹುಟ್ಟಿಸಿಕೊಂಡು ಉಳಿಯುತ್ತವೆ. ರಕ್ತದಲ್ಲಿ ತೇಲಿ ಹೋಗಿ ಮೂಳೆಯಲ್ಲೋ ಶ್ವಾಸಕೋಶದಲ್ಲೋ ಬೇರು ಬಿಡುವವು ಈ ಕೆಲವೇ. ಅವು ಹೇಗೆ ಉಳಿಯುತ್ತವೆ ಎಂಬ ಪ್ರಶ್ನೆಯ ಹಿಂದೆ ಬಿದ್ದು ನನಗೆ ವರ್ಷಗಳೇ ಆದವು.

ಅವರೆಕಾಯಿ ಕಾಲದ ಒಂದು ಮಧ್ಯಾಹ್ನ. ಆಂಟಿ ಟೆರೇಸಿನ ಬಿಸಿಲಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. ಬಟ್ಟೆ ಒಣಹಾಕಲು ಹೋದ ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ. ಅವರು ಪಾತ್ರೆಯಿಂದ ಕಣ್ಣೆತ್ತದೆ ಕೇಳಿದರು.

"ಗಂಟಿಗೆ ಸೂಜಿ ಚುಚ್ಚಿ ಟೆಸ್ಟ್ ಮಾಡ್ತಾರಲ್ಲ, ಚುಚ್ಚಿದ್ರೆ ಅದು ಮೈಯೆಲ್ಲಾ ಹರಡತ್ತಂತೆ. ಹೌದಾ?"

"ಯಾರಿಗೆ ಆಂಟಿ?"

"ಯಾರಿಗೋ. ನಮ್ಮ ನೆಂಟರು."

ಅವರ ಬೆರಳು ಹಿದುಕುವುದನ್ನು ನಿಲ್ಲಿಸಿತ್ತು. ನಾನು ಮತ್ತೆ ಕೇಳಲಿಲ್ಲ. ಮೊಬೈಲ್ ತೆಗೆದು, ಲ್ಯಾಬಿನಲ್ಲಿ ತೆಗೆದಿದ್ದ ಒಂದು ವಿಡಿಯೊ ತೋರಿಸಿದೆ. ಒಟ್ಟಿಗಿದ್ದ ಕೋಶಗಳನ್ನು ಬಿಡಿಸಿ, ಎಲ್ಲೂ ಅಂಟಿಕೊಳ್ಳಲಾಗದ ತಟ್ಟೆಯಲ್ಲಿ ಬಿಟ್ಟಾಗ ತೆಗೆದದ್ದು. ದುಂಡಗಿದ್ದವು ಸುಕ್ಕಾಗಿ, ಚೂರಾಗಿ, ಒಂದೊಂದೇ ಕಾಣೆಯಾಗುತ್ತವೆ.

"ನೋಡಿ, ಕ್ಯಾನ್ಸರ್ ಸೆಲ್ಲೇ ಇವು. ಬಿಡಿಯಾದ ಮೇಲೆ ಬದುಕೋದು ಅಷ್ಟು ಸುಲಭ ಅಲ್ಲ. ಸೂಜಿ ಚುಚ್ಚಿದಾಗ ಒಂದೆರಡು ಕದಲಬಹುದೇನೋ. ಅದರಿಂದ ಹರಡೋದು ತುಂಬಾ ಅಪರೂಪ. ಆದ್ರೆ ಚುಚ್ಚಿ ನೋಡದೆ ಬಿಟ್ರೆ ಅಲ್ಲೇ ಕೂತು ಬೆಳೀತಾ ಇರತ್ತಲ್ಲ, ಅದು ದೊಡ್ಡ ಅಪಾಯ."

"ನಮ್ಮಕ್ಕಂಗೆ ಚುಚ್ಚಿದ್ರು," ಎಂದರು. "ಆಮೇಲೆ ತುಂಬ ದಿನ ಇರ್ಲಿಲ್ಲ."

ಅಕ್ಕ ಆಸ್ಪತ್ರೆಗೆ ಹೋಗಿದ್ದು ಯಾವಾಗ ಎಂದು ಕೇಳಿದೆ. ಗಂಟು ಹುಣ್ಣಾಗಿ ಒಡೆದ ಮೇಲೆ. ಬೆನ್ನುಮೂಳೆ ನೋವು ಅದಕ್ಕೂ ಮೊದಲೇ ಶುರುವಾಗಿತ್ತಂತೆ.

"ಹಾಗಾದ್ರೆ ಚುಚ್ಚೋ ಮೊದಲೇ ಅದು ಬೆನ್ನಿಗೆ ಹೋಗಿದ್ದಿರಬೇಕು ಆಂಟಿ. ಸೂಜಿ ಹರಡಿಸಲಿಲ್ಲ, ಅಷ್ಟು ಹೊತ್ತಿಗಾಗಲೇ ಹರಡಿದೆ ಅಂತ ತಿಳಿಸ್ತು."

ಆಂಟಿ ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕೈ ಹಿಡಿದು, ತಮ್ಮ ಎಡಗಡೆ ಎದೆಯ ಪಕ್ಕಕ್ಕೆ ಒತ್ತಿದರು. ಅವರೆಕಾಳಿಗಿಂತ ಸ್ವಲ್ಪ ದೊಡ್ಡದೊಂದು ಗಟ್ಟಿ ಗಂಟು ಬೆರಳಿಗೆ ಸಿಕ್ಕಿತು. ಇಷ್ಟು ವರ್ಷ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೇ ಹೊರತು ಮುಟ್ಟಿ ನೋಡಿದವಳಲ್ಲ ನಾನು.

"ನಾನು ರೋಗಿಗಳನ್ನ ನೋಡೋ ಡಾಕ್ಟರ್ ಅಲ್ಲ," ಎಂದೆ. "ನೋಡೋವ್ರ ಹತ್ರ ಹೋಗೋಣ. ನಾನೂ ಬರ್ತೀನಿ."

"ನಿಮ್ಮಂಕಲ್‌ಗೆ ನೀನೇ ಹೇಳು. ನಂಗೆ ಬಾಯಿ ಬರಲ್ಲ."

ಹೇಳಿದೆ. ಅಂಕಲ್ ಕೇಳಿಸಿಕೊಂಡು, ಗಿರಾಕಿ ಕಾಯುತ್ತಿದ್ದರೂ ಅಂಗಡಿಯ ಷಟರ್ ಎಳೆದರು.

ಮರುದಿನ ಮೂವರೂ ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಸೂಜಿಯ ಕೋಣೆಗೆ ಹೋಗುವಾಗ ಆಂಟಿ ನನ್ನ ಕಡೆ ತಿರುಗಿ, "ಬಿಡಿಯಾದ್ರೆ ಸಾಯ್ತವೆ ಅಂದ್ಯಲ್ಲ?" ಎಂದು ಇನ್ನೊಮ್ಮೆ ಖಚಿತಪಡಿಸಿಕೊಂಡರು. ಕೆಲವು ದಿನ ಬಿಟ್ಟು, ಕ್ಯಾನ್ಸರ್ ಎಂದೇ ರಿಪೋರ್ಟ್ ಬಂತು. ಅದರಲ್ಲಿದ್ದ ಪದಗಳನ್ನು ನನ್ನ ಪ್ರಬಂಧಗಳಲ್ಲಿ ಎಷ್ಟು ಸಲ ಬರೆದಿದ್ದೆನೋ. ಹಾಳೆಯ ತುದಿಯಲ್ಲಿ ಆಂಟಿಯ ವಯಸ್ಸು, ನಮ್ಮ ಮನೆಯದೇ ವಿಳಾಸ ಇದ್ದುದರಿಂದ ಅವೇ ಪದಗಳನ್ನು ಎರಡೆರಡು ಸಲ ಓದಬೇಕಾಯಿತು. ಕೋಶಗಳ ಮೇಲೆ ಹಾರ್ಮೋನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳಿವೆಯೇ ಎಂದು ನೋಡಿದೆ. ಇದ್ದವು; ಹಾರ್ಮೋನು ತಡೆಯುವ ಮಾತ್ರೆಗೆ ಬಗ್ಗುವ ಜಾತಿಯದು. ಸದ್ಯ, ಎನ್ನಿಸಿತು.

ಆಪರೇಷನ್ ಆದಮೇಲೆ, ಅದು ಕಂಕುಳಿನ ಗ್ರಂಥಿಗಳಿಗೆ ಹೋಗಿಲ್ಲ ಎಂದು ಡಾಕ್ಟರ್ ಹೇಳಿದರು. ಹಾಗೆಂದರೇನು ಎಂದು ನಾನು ಕಾರಿಡಾರಿನಲ್ಲಿ ಅಂಕಲ್‌ಗೆ ಬಿಡಿಸಿ ಹೇಳಿದೆ: ಹರಡಲು ಹೊರಟಿದ್ದರೆ ಅದು ಮೊದಲು ಹಿಡಿಯುವ ದಾರಿಯಲ್ಲಿ ಹುಡುಕಿದ್ದಾರೆ, ಏನೂ ಸಿಕ್ಕಿಲ್ಲ. ಅವರು ಕ್ಯಾಂಟೀನಿಗೆ ಹೋಗಿ ನನಗೊಂದು ಕಾಫಿ ತಂದುಕೊಟ್ಟರು. ತಮಗೆ ತಂದುಕೊಳ್ಳುವುದನ್ನು ಮರೆತಿದ್ದರು.

ರೇಡಿಯೇಷನ್ನಿನ ವಾರಗಳಲ್ಲಿ ಆಂಟಿ ಸುಸ್ತಾದರು, ಸಿಡುಕಿದರು, ಸಾರಿಗೆ ಉಪ್ಪಿಲ್ಲ ಎಂದು ಅಂಕಲ್ ಮೇಲೆ ರೇಗಿದರು. ಎಲ್ಲ ಮುಗಿದ ಮೇಲೆ ಒಂದು ದಿನ ರೇಷ್ಮೆ ಸೀರೆ ಉಟ್ಟು, "ನಿನ್ನ ಲ್ಯಾಬ್ ತೋರಿಸು" ಎಂದು ಮೆಟ್ಟಿಲ ಬಳಿ ನಿಂತಿದ್ದರು. ಕರೆದುಕೊಂಡು ಹೋದೆ. ನನ್ನ ವಿದ್ಯಾರ್ಥಿನಿ ಕುರ್ಚಿ ಸರಿಸಿ ಮೈಕ್ರೋಸ್ಕೋಪಿನ ಎತ್ತರ ಹೊಂದಿಸಿಕೊಟ್ಟಳು. ಆಂಟಿ ಕನ್ನಡಕ ತೆಗೆದು ಬಗ್ಗಿದರು.

"ನಂದೂ ಹಿಂಗೇ ಇತ್ತಾ?"

"ಹತ್ತತ್ರ ಹೀಗೇ ಆಂಟಿ."

ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದರು. "ನೋಡೋಕೆ ಏನೂ ಪಾಪ ಮಾಡೋವ್ರ ಥರ ಕಾಣಲ್ಲ ಕಣೇ."

ನನ್ನ ವಿದ್ಯಾರ್ಥಿನಿಗೆ ನಗು ತಡೆಯಲಾಗಲಿಲ್ಲ. ಆಂಟಿಯೂ ನಕ್ಕರು. ಆ ವಾರ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಉಮೇದಿನಲ್ಲಿದ್ದೆವು. ಒಂಟಿಯಾಗಿಯೂ ಉಳಿಯುತ್ತಿದ್ದ ಮೊಂಡು ಕೋಶಗಳು ಒಳಗೇ ಹುಟ್ಟಿಸಿಕೊಳ್ಳುವ ಒಂದು ಸೂಚನೆಯನ್ನು ತಡೆದು ನೋಡಿದಾಗ, ಅವು ಸಾಯತೊಡಗಿದ್ದವು. ಅದನ್ನು ಹೇಳಿದಾಗ ಆಂಟಿ, "ಹಂಗಾದ್ರೆ ಔಷಧಿ ಸಿಕ್ತು!" ಎಂದರು. ಇಲ್ಲ, ತಟ್ಟೆಯಲ್ಲಿ ಸತ್ತದ್ದು ಮೈಯಲ್ಲೂ ಸಾಯಬೇಕೆಂದೇನಿಲ್ಲ, ದಾರಿ ಇನ್ನೂ ತುಂಬಾ ಇದೆ ಎಂದೆ. "ನಡೀರಿ, ಇನ್ನೂ ವಯಸ್ಸಿದ್ಯಲ್ಲ" ಎಂದು ನಮ್ಮಿಬ್ಬರಿಗೂ ಹೇಳಿದರು.

ಈಗ ಅವರು ದಿನಾ ಮಾತ್ರೆ ನುಂಗುತ್ತಾರೆ, ಹೇಳಿದ ದಿನ ಚೆಕಪ್ಪಿಗೆ ಹೋಗುತ್ತಾರೆ. ನೆಂಟರಿಷ್ಟರಲ್ಲಿ ಯಾರಾದರೂ ಗಂಟು ಎಂದರೆ ಸಾಕು, ಫೋನಿನಲ್ಲೇ ತೆಲುಗಿನಲ್ಲಿ ಗದರಿಸಿ ಆಸ್ಪತ್ರೆಗೆ ಹೊರಡಿಸುತ್ತಾರೆ. ಹಾಗೆ ಹೋದವರಲ್ಲಿ ಹೆಚ್ಚಿನವರದು ಬರೀ ನೀರುಗಂಟು. ಅದನ್ನು ಕೇಳಿದಾಗಲೆಲ್ಲ ಆಂಟಿಗೆ ತಾವೇ ಪಾಸಾದಷ್ಟು ಸಂತೋಷ.

ಮೊನ್ನೆಯ ಚೆಕಪ್ಪಿಗೆ ನಾನೂ ರಜೆ ಹಾಕಿ ಹೋಗಿದ್ದೆ. ಎಲ್ಲ ಚೆನ್ನಾಗಿದೆ ಎಂದು ಡಾಕ್ಟರ್ ಬೇಗ ಕಳಿಸಿಬಿಟ್ಟರು. "ಇಷ್ಟು ದೂರ ಬಂದು ಸುಮ್ನೆ ವಾಪಸ್ ಹೋಗೋದಾ?" ಎಂದು ಆಂಟಿ ಜಯನಗರ ನಾಲ್ಕನೇ ಬ್ಲಾಕಿಗೆ ಆಟೋ ತಿರುಗಿಸಿದರು. ಒಂದು ಹಸಿರು ಸೀರೆಗೆ ಒಪ್ಪುವ ಬ್ಲೌಸ್ ಪೀಸಿಗಾಗಿ ಅಂಗಡಿ ಅಂಗಡಿ ಅಲೆದೆವು. ಅಂಗಡಿಯವನು ತಂದದ್ದೆಲ್ಲವನ್ನೂ ಅವರು ಹೊರಗಿನ ಬೆಳಕಿಗೆ ಹಿಡಿದು ನೋಡಿ, "ಇದಲ್ಲಣ್ಣ, ಇನ್ನೊಂಚೂರು ಎಳೇ ಹಸಿರು" ಎನ್ನುತ್ತಿದ್ದರು. ನನಗೆ ಹಸಿವಾಗಿತ್ತು, ಕಾಲು ನೋಯುತ್ತಿತ್ತು. ಅವರಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ.