ನಾನು ಹೊಗಳಿದ ಭುಜ

ಒಮಾನಿನ ಇಬ್ರಿ ಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ನಾಟಿ ವೈದ್ಯರ ಮನೆಯ ಚಾಪೆಯ ಮೇಲೆ ಕೂತಿದ್ದೇವೆ. ಅತ್ತೆ ದೃಷ್ಟಿ ತೆಗೆಯಲು ಬಂದರೆ ನಗುವ ನನ್ನ ಎಂಜಿನಿಯರ್ ಗಂಡ, ಹಿಡಿದುಕೊಂಡ ಭುಜ ತೋರಿಸಲು ಮಸ್ಕತ್ತಿನಿಂದ ಮೂರು ಗಂಟೆ ನನ್ನ ಕೈಲಿ ಕಾರು ಓಡಿಸಿಕೊಂಡು ಬಂದಿದ್ದಾರೆ.

ವೈದ್ಯರು ಭುಜ ಮುಟ್ಟಲೇ ಇಲ್ಲ. ಇಬ್ಬರಿಗೂ ಏಲಕ್ಕಿ ಕಾಫಿ ಕೊಟ್ಟು, ಹಿಂದಿಯಲ್ಲಿ, "ಕಣ್ಣು ಬಿದ್ದಿದೆ. ಹೊಗಳಿದವರು ಕುಡಿದು ಉಳಿಸಿದ ಕಾಫಿ ಕುಡಿಯಬೇಕು," ಎಂದರು.

ಇವರು ಕಣ್ಣು ಮುಚ್ಚಿ ಯೋಚಿಸಿದರು. "ಮೊನ್ನೆ ಗ್ಯಾಸ್ ಸಿಲಿಂಡರ್ ಮೂರನೇ ಮಹಡಿಗೆ ಹೊತ್ತಾಗ, 'ನಿಮಗೆ ಒಳ್ಳೇ ಶಕ್ತಿ ಇದೆ ಕಣ್ರೀ' ಅಂದಿದ್ದು ನೀನೇ ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ನಾನು ಅರ್ಧ ಕುಡಿದಿದ್ದ ಕಾಫಿ ಕಪ್ ಕಸಿದು ಕುಡಿದುಬಿಟ್ಟರು. ಭುಜ ಹಿಡಿದದ್ದು ಸಿಲಿಂಡರಿನಿಂದ ಅಲ್ಲವಂತೆ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ನಾನು ಆಡಿದ ಒಂದು ಒಳ್ಳೆಯ ಮಾತಿನಿಂದ.